ಸೋರೋ ಟ್ಯಾಂಕರಿನ ಹಿಂದೆ

ಬೀಡಿ ಒಗಿಯಣ್ಣಾ ಮೊದಲು! ಡೀಸೆಲ್ ಡಬ್ಬಿ ಬಾಯಿ ತೆರದೈತಿ, ನೀ ಅದರ ಮುಂದ ಕುಂತು ಹೊಗಿ ಬಿಡಾಕತ್ತೀ... ಏನ್ ನೋಡ್ತಿ ಹಂಗ? ಡೀಸೆಲ್ಲಿಗೆ ಅಷ್ಟು ಲಗೂ ಬೆಂಕಿ ಹತ್ತೂದಿಲ್ಲ, ಅಷ್ಟೇ ಅಲ್ಲೇನು? ಗೊತ್ತೈತಿ ಮಾರಾಯ. ಆದ್ರ ಇವತ್ತು ಬ್ಯಾಡ. ಈ ಸೈಟಿನಾಗ ಇನ್ನೊಂದು ಅನಾಹುತ ಬ್ಯಾಡ. ಒಗಿ. ಹಾಂ. ಕಾಲಾಗ ತುಳಿ. ಪೂರಾ ತುಳಿ.

ಈಗ ಲಾಳಿಕಿ ಹಿಡಿ. ಟ್ರ್ಯಾಕ್ಟರಿನ ಟಾಕಿ ಬಾಯಿಗೆ ನೆಟ್ಟಗ ಇಡು. ಅದರ ಮ್ಯಾಲೆ ಈ ಅರಿವಿ ಹಾಸು, ಎರಡು ಮಡಿಕಿ ಮಾಡಿ. ಯಾಕ ನಕ್ಕಿ? ನಕ್ಕಿ, ನಕ್ಕಿ, ನಾ ನೋಡಿದೆ, ಮೀಸಿ ಅಳ್ಳಾಡಿತು. ಹೌದು, ಝಂಡಾದ ಅರಿವಿನೇ ಇದು! ಗೇಟಿನ ಮುಂದ ಹಿಡಕೊಂಡು ಕುಂತಿದ್ವಲ್ಲ, ಅದೇ ಕೆಂಪು ಝಂಡಾ. ಗೆದ್ದ ಮ್ಯಾಲೆ ಇಟ್ಟುಕೊಂಡು ಏನ್ ಮಾಡ್ಲಿ, ಲಂಗೋಟಿ ಹೊಲಿಸ್ಲಾ? ಡೀಸೆಲ್ ಸೋಸಲಿ. ಅರಿವಿ ಕಸ ಹಿಡೀತೈತಿ, ಅಷ್ಟರ ಮಟ್ಟಿಗೆ ಉಪಯೋಗ. ನೀರು ಹಿಡಿಯೂದಿಲ್ಲ ಬಿಡು. ನೀರಿಗೆ ಯಾವ ಅರಿವಿನೂ ಇಲ್ಲ.

ಸುರೀತೀನಿ ನೋಡು... ಸಾವಕಾಶ... ಹಾಂ.

ಗೆದ್ವಿ ಅಣ್ಣಾ! ಹುಸೇನಪ್ಪಣ್ಣಾ, ಗೆದ್ವಿ ಅಂತ ನೀನೂ ಒಂದು ಸಲ ಅನ್ನು. ಗೆದ್ದವರ ಮಾರಿ ಹಿಂಗಿರತೈತೇನು? ಇಷ್ಟು ವರ್ಷ ಈ ಮಿಯಾಪುರದಾಗ ಗಾಜಿನ ಬಂಗ್ಲೆ ಕಟ್ಟಿ ಕಟ್ಟಿ ಕೊಟ್ವಿ. ಒಂದು ಮುಗೀತು, ಇನ್ನೊಂದು ಎದ್ದಿತು. ಒಳಗ ಕುಂತವರು ಕಂಪ್ಯೂಟರ್ ಒತ್ತಿ ಅಮೆರಿಕಾದ ಜೋಡಿ ಮಾತಾಡ್ತಾರಂತ. ಮಾತಾಡ್ಲಿ, ಅವರ ಬಾಯಿ, ಅವರ ಕಿವಿ. ಆದ್ರ ಸ್ಲ್ಯಾಬಿಗೆ ನೀರು, ಸಿಮೆಂಟಿಗೆ ನೀರು, ಗೇಟಿನ ಹಂತ್ಯಾಕ ಹಾಸ್ಯಾರಲ್ಲ ಹುಲ್ಲು, ದನ ಸೈತ ತಿನ್ನದ ಹುಲ್ಲು, ಅದಕ್ಕ ಮುಂಜಾನೆ ಸಂಜಿ ನೀರು! ನಮಗ? ಶೆಡ್ಡಿನಾಗ ಇರೂ ಹೆಂಗಸರಿಗೆ, ಕೂಸುಗೋಳಿಗೆ? ನಿನ್ನ ಟ್ಯಾಂಕರಿನ ಸೋರಿಕಿ!

ಸೋರಿಕಿ! ಇದನ್ನ ಊರಾಗ ಹೇಳಿದ್ರ ನಂಬೂದಿಲ್ಲ ಅಣ್ಣಾ. ನಾ ಸುರಪುರದಾಗ ಹೇಳಿದೆ, ನಕ್ರು. ಟ್ರ್ಯಾಕ್ಟರ್ ಮುಂದ, ತೂತು ಬಿದ್ದ ಟ್ಯಾಂಕರ್ ಹಿಂದ, ಅದರ ಹಿಂದ ಕೊಡ ಹಿಡಕೊಂಡು ಹೆಂಗಸರ ಸಾಲು. ನಡಕೊಂತ ನಡಕೊಂತ ಹನಿ ಹಿಡಿಯೂದು. ದೇವರ ಪಲ್ಲಕ್ಕಿ ಹಿಂದ ಹೋದಂಗ! ಪಕ್ಕದ ಆಫೀಸಿನ ಆ ಬೆಂಗಳೂರ ಹುಡುಗಿ ಒಂದು ದಿನ ಕೇಳಿದ್ಳಲ್ಲ, ಚಷ್ಮಾ ಹಾಕ್ಕೊಂಡಾಕಿ... "ಅಮ್ಮಾ, ಇದು ಫಿಲ್ಟರ್ ನೀರಾ?" ಅಂತ. ಗದಿಗೆಮ್ಮಕ್ಕ ಏನಂದ್ಳು? "ಹೌದವ್ವಾ, ಸೆರಗಿನಾಗ ಸೋಸೀವಿ, ಕುಡೀತೀ ಏನು?" ಆ ಹುಡುಗಿ ಕುಡೀಲಿಲ್ಲ, ಫೋಟೋ ಹೊಡಕೊಂಡು ಹೋದ್ಳು. ನಿನ್ನ ಹೇಣ್ತಿ ನಾಲಿಗಿ ಅಂದ್ರ ನಾಲಿಗಿ ಅಣ್ಣಾ. ಯೂನಿಯನ್ನಿಗೆ ಲೀಡರ್ ನಾನಲ್ಲ, ಅಕಿ ಆಗಬೇಕಿತ್ತು.

...

ಲಾಳಿಕಿ ಸೊಟ್ಟ ಆತು, ನೋಡು. ಹೊರಗ ಚೆಲ್ಲಾಕತ್ತೈತಿ. ಅಕ್ಕನ ಹೆಸರು ತೆಗೆದದ್ದು ತಪ್ಪಾತೇನು? ಆತು, ತೆಗಿಯೂದಿಲ್ಲ.

ಬ್ಯಾರೇದು ಕೊಡು. ಅದಲ್ಲ, ಆ ಹಿಡಿಕಿ ಮುರಿದದ್ದು ಅಲ್ಲೇ ಇರಲಿ, ಎತ್ತಾಕ ತ್ರಾಸ ಆಗ್ತೈತಿ. ಈ ಕಡೀದು ಕೊಡು. ಹಾಂ.

ಹುಡುಗರು ನನ್ನ ಲೀಡರ್ ಅಂತಾರ ಅಂತ ನಿನಗ ಹೊಟ್ಟಿ ಉರಿ ಏನಿಲ್ಲ, ಹೌದಿಲ್ಲೋ? ನಾ ಏನ್ ಕಲ್ತಾಂವ? ಶಾಲಿ ಪಾವಟಿಗಿ ಹತ್ತಿದಾಂವಲ್ಲ. ನಾಚಾರಂ ಏರಿಯಾದ ಕಾರ್ಖಾನಿಯಾಗ ಇದ್ದಾಗ ಬಸ್ಸಿನ ಬೋರ್ಡ್ ನೋಡಿ ನೋಡಿ ತೆಲುಗು ಓದಾಕ ಕಲ್ತೆ. ಅಲ್ಲಿ ಒಬ್ಬನ ಬೆರಳು ಮಷೀನಿಗೆ ಸಿಕ್ಕಿತು, ನಾ ಬಾಯಿ ತೆಗದೆ, ನನ್ನ ಹೊರಗ ಹಾಕಿದ್ರು. ಅವತ್ತು ನಿಂತೆ ನಾ, ಇನ್ನೂ ಕುಂತಿಲ್ಲ. ಈ ಅಂಬಾದಾಸ ಮಾತಾಡ್ತಾನ ಅಂತ ಮೇಸ್ತ್ರಿಗಳು ದೂರ ಸರೀತಾರ. ಸರೀಲಿ! ಹೆದರಿಸಿದ್ರನೇ ಕೊಡ್ತಾರ ಅಣ್ಣಾ ಇವರು. ಕೈ ಮುಗಿದ್ರ ಕೊಡೂದಿಲ್ಲ. ನಾವು ಎಷ್ಟು ಸಲ ಕೈ ಮುಗಿದ್ವಿ? "ಸಾಹೇಬ್ರ, ಶೆಡ್ಡಿಗೆ ಒಂದು ಟ್ಯಾಂಕರ್ ನೀರು ಬಿಡ್ರಿ" ಅಂತ? ಆ ಕಂಟ್ರಾಕ್ಟರ್ ವಾಸುದೇವ ಸಾಹೇಬ ಏನಂದ? "ಸೋರೂದನ್ನ ನಿಲ್ಲಿಸಿಲ್ಲಲ್ಲ, ಅದೇ ದೊಡ್ಡದು" ಅಂದ. ಅಂದ ಇಲ್ಲೋ? ನಿನ್ನ ಮುಂದನೇ ಅಂದ.

ನಗು ಬರ್ತೈತಿ, ಬೆಂಕಿನೂ ಬರ್ತೈತಿ.

ಇವತ್ತಿನಿಂದ ಮೊದಲನೇ ಟ್ಯಾಂಕರ್ ಶೆಡ್ಡಿಗೆ! ಆಮ್ಯಾಲೆ ಸ್ಲ್ಯಾಬಿಗೆ. ಅವನ ಬಾಯಿಲೇ ಹೇಳ್ಯಾನ. ಹುಲ್ಲು ಒಣಗಿ ಸಾಯ್ಲಿ. ಈಗ ಟಾಕಿ ತುಂಬಿಸ್ತೀವಿ, ನೀ ಲಿಂಗಂಪಲ್ಲಿ ಬೋರಿಗೆ ಹೋಗ್ತಿ, ತುಂಬಿಕೊಂಡು ಬರ್ತಿ. ಹೆಂಗಸರು ಇವತ್ತು ಹಿಂದ ನಡಿಯೂದಿಲ್ಲ ಅಣ್ಣಾ, ಶೆಡ್ಡಿನ ಮುಂದ ನಿಂತು ತುಂಬಿಕೊಂತಾರ. ನಿಂತು! ಮನುಷ್ಯರಂಗ!

ಸಾಹೇಬ ಬರೂದಕ್ಕ ಮೊದಲು ಆ ಮಾತೊಂದು ಮುಗಿಸಿ ಬಿಡೋಣು. ನಿನ್ನೆ ಹೇಳಿದ್ನಲ್ಲ. ಆ... ಆ ಮಾತು.

ಮಾರಿ ತಿರುವಬ್ಯಾಡ. ಕೇಳು. ಜೀಪ್ ಬಂದ ಕೂಡ್ಲೇ ಎಲ್ಲಾರ ಮುಂದ ನೀ ಒಂದು ಮಾತು ಹೇಳಬೇಕು. ಒಂದೇ ಮಾತು. "ನನ್ನಿಂದ ತಪ್ಪಾತ್ರಿ. ನೀರಿನ ಡಬ್ಬಿ ಡೀಸೆಲ್ ಡಬ್ಬಿ ಅಂತ ತಿಳಿದು ಟಾಕಿಗೆ ಸುರುವಿದೆ." ಅಷ್ಟೇ. ಯಾರಾದ್ರೂ ನಂಬ್ತಾರ. ಎಲ್ಲಾ ಡಬ್ಬಿನೂ ಒಂದೇ ನಮೂನಿ, ಒಂದೇ ನೀಲಿ. ಕಾಂಕ್ರೀಟಿಗೆ ಹಾಕೂ ಕೆಮಿಕಲ್ ಬರ್ತೈತಲ್ಲ, ಅದರ ಖಾಲಿ ಡಬ್ಬಿ. ನಾವು ಕುಡಿಯೂ ನೀರೂ ಅದರಾಗ, ಡೀಸೆಲ್ಲೂ ಅದರಾಗ, ಶೆಡ್ಡಿನ ಯಮುನಾಬಾಯಿ ಜ್ವಾಳದ ಹಿಟ್ಟೂ ಅದರಾಗ! ತಪ್ಪೂದು ಸಹಜ. ನೀ ಕುಡದಿದ್ದಿ ಅಂತ ಹೇಳಾಕ ನಾ ಬಿಡಂಗಿಲ್ಲ. ಸೇಂದಿ ಕುಡದು ಹೇಣ್ತಿ ಕಾಲ ಮ್ಯಾಲೆ ಗಾಡಿ ಹತ್ತಿಸಿದ ಅಂತ ಆ ಮೇಸ್ತ್ರಿ ಅಂದ ನೋಡು, ಅವನ ಹಲ್ಲು ಮುರೀತೀನಿ. ಬರೇ ತಪ್ಪು. ಕೈತಪ್ಪು. ಅಷ್ಟು ಹೇಳಿದ್ರ ಪೊಲೀಸ್ ಇಲ್ಲ, ಕೇಸಿಲ್ಲ, ಅಕ್ಕನ ಕಾಲಿನ ಔಷಧ ಅವರೇ ನೋಡ್ಕೊಂತಾರ, ಶೆಡ್ಡಿಗೆ ನೀರು ಬರ್ತೈತಿ. ನಿನ್ನ ಗಾಡಿ ಹೋಗ್ತೈತಿ, ಖರೆ. ಇವತ್ತು ಒಂದು ಸುತ್ತು ಹೊಡಿ, ನಾಳಿ ಬ್ಯಾರೆ ಡ್ರೈವರ್ ಬರ್ತಾನ. ನೀ ಊರಿಗೆ ಹೋಗು. ಅಕ್ಕನ್ನ ಕರಕೊಂಡು ಹೋಗು. ಆರಾಮ ತಗೋ.

ಏನ್ ನೋಡ್ತಿ?

ಹೌದು, ಹೋದ ವಾರ ನಾನೇ ಕೂಗೀನಿ. ಗೇಟಿನ ಮುಂದ ಡ್ರಮ್ಮಿನ ಮ್ಯಾಲೆ ನಿಂತು, "ಕಲಬೆರಕಿ ಡೀಸೆಲ್! ಕಂಟ್ರಾಕ್ಟರಿನ ಕಳ್ಳತನ!" ಅಂತ ಗಂಟಲು ಹರಕೊಂಡೀನಿ. ಇವತ್ತು ಬ್ಯಾರೆ ಮಾತು ಆಡಾಕತ್ತೀನಿ. ಯಾಕಂದ್ರ... ಯಾಕಂದ್ರ ವಾಸುದೇವ ಏನಂದ ಗೊತ್ತೇನು? "ಆಯ್ತು, ಪೊಲೀಸರನ್ನ ಕರಸ್ತೀನಿ. ಡೀಸೆಲ್ ಶೆಡ್ಡಿಗೆ ಯಾರು ಯಾರು ಹೋಗಿದ್ರು, ಒಬ್ಬೊಬ್ಬರನ್ನೇ ಕೇಳ್ಲಿ" ಅಂದ. ಕೇಳ್ತಾರೇನು ಅವರು? ಬಡೀತಾರ! ಯಾರನ್ನ ಬಡೀತಾರ? ನಮ್ಮನ್ನ. ಬಡವರನ್ನ. ಅದಕ್ಕ ಹೇಳಾಕತ್ತೀನಿ. ನನಗೋಸ್ಕರ ಅಲ್ಲ. ನಾ ಆ ಶೆಡ್ಡಿನ ಹೊಸ್ತಿಲಾ ತುಳಿದಾಂವಲ್ಲ, ನನಗ್ಯಾಕ ಹೆದರಿಕಿ?

ಹಿಡಿ, ಅರಿವಿ ಜಾರಾಕತ್ತೈತಿ. ಇಷ್ಟೊತ್ತು ಹಿಡದಿ, ಇನ್ನೊಂದೀಟು ಹಿಡಿ.

ಮೆಕಾನಿಕ್ ಹೇಳಿದ್ದು ನೀನೂ ಕೇಳೀಯಲ್ಲ. ಟಾಕಿ ಬರಿದು ಮಾಡಿದ, ಫಿಲ್ಟರ್ ತೊಳೆದ, ಕೈ ಒರೆಸಿಕೊಂತ ಅಂದ, "ನೀರು ಹೋಗ್ಯಾವ" ಅಂತ. ಅದು ಮೋಸದ ವಸ್ತು ಅಣ್ಣಾ. ಡಬ್ಬಿಯೊಳಗ ನೀರು ಕೆಳಗ ಕುಂತಿರತೈತಿ, ಡೀಸೆಲ್ ಮ್ಯಾಲೆ ತೇಲತೈತಿ. ಬಿರಡಿ ತೆಗೆದು ನೋಡಿದ್ರ ಡೀಸೆಲ್ಲೇ ಕಾಣ್ತೈತಿ, ಮೂಗಿಗೂ ಡೀಸೆಲ್ಲೇ ಹೊಡೀತೈತಿ. ಎಂಥಾ ಡ್ರೈವರಿಗೂ ಗೊತ್ತಾಗೂದಿಲ್ಲ, ನಿನ್ನಂಥಾ ಹಳೇ ಹುಲಿಗೂ. ಟಾಕಿಗೆ ಸುರುವಿದಾಗ ಏನೂ ಅನ್ನೂದಿಲ್ಲ. ಒಂದೀಟು ಓಡತೈತಿ. ಆಮ್ಯಾಲೆ ಕೆಮ್ಮತೈತಿ, ನಿಲ್ತೈತಿ.

ನಿಲ್ಲಾಕ ಬ್ಯಾರೆ ಜಾಗಾ ಸಿಗಲಿಲ್ಲ ನೋಡು ಆ ಹಾಳ ಗಾಡಿಗೆ! ಬೋರಿನ ಹಂತ್ಯಾಕನೇ ನಿಲ್ಲಬೇಕಿತ್ತು. ಸಪಾಟ ನೆಲ, ಯಾರಿಗೂ ಏನೂ ಆಗ್ತಿದ್ದಿಲ್ಲ, ಟ್ಯಾಂಕರ್ ಬರ್ತಿದ್ದಿಲ್ಲ, ಸ್ಲ್ಯಾಬ್ ಬಿಸಿಲಿಗೆ ಬಿರುಕು ಬಿಟ್ಟು ಸಾಹೇಬ ತಾನಾಗೇ ಓಡಿ ಬಂದು... ಅಲ್ಲ, ನಿಲ್ಲೂದಾದ್ರ ಅಲ್ಲಿ ನಿಲ್ಲಬಾರದಿತ್ತಾ ಅಂತ ಅಂದೆ. ಮನಸಿನ ಸಂಕಟಕ್ಕ ಅಂದೆ. ನೀ ಎಲ್ಲಾದಕ್ಕೂ ಹುಬ್ಬು ಏರಸಬ್ಯಾಡ.

ಗೇಟಿನ ಏರಿನಾಗ ನೀ ಸಾವಕಾಶ ಮಾಡ್ತೀ ಅನ್ನೂದು ನನಗೇನ್ ಗೊತ್ತು? ಅಲ್ಲ, ಗೊತ್ತಿತ್ತು... ಎಲ್ಲಾರಿಗೂ ಗೊತ್ತು. ಏರು ಬಂತಂದ್ರ ಟ್ಯಾಂಕರ್ ಹಿಂದಕ್ಕ ವಾಲತೈತಿ, ತೂತಿನಿಂದ ನೀರು ಧಾರಿ ಬರ್ತೈತಿ, ಹೆಂಗಸರ ಕೊಡ ತುಂಬಲಿ ಅಂತ ನೀ ಇರಿವಿ ನಡದಂಗ ನಡಸ್ತಿ. ಸಾಹೇಬ ಬೈತಾನ, ನೀ ಇಂಜಿನ್ ಹಳೇದ್ರಿ ಅಂತಿ. ಅದು ನಿನ್ನ ಧರ್ಮ. ಆ ಧರ್ಮನೇ ಮುಳುವಾತು. ಅಲ್ಲೇ ಇಂಜಿನ್ ಸತ್ತಿತು. ತುಂಬಿದ ಟ್ಯಾಂಕರಿನ ಭಾರಕ್ಕ ಈ ಸಣ್ಣ ಗಾಡಿ ಬ್ರೇಕ್ ಹಿಡೀತೈತೇನು? ಜಗ್ಗಿಕೊಂಡು ಹಿಂದ ಹೋತು. ಎಲ್ಲಾರೂ ಕೊಡ ಒಗೆದು ಓಡಿದ್ರು. ಅಕ್ಕ ಮಾತ್ರ ಕೊಡ ಬಿಡಲಿಲ್ಲ. ತುಂಬಿದ್ದ ಕೊಡ...

ನಾ ಚಹಾದಂಗಡಿಯಾಗ ಕುಂತಿದ್ದೆ. ಚೀರಿದ್ದು ಕೇಳಿತು. ಅಕಿ ದನಿ ಅಂತ ತಿಳೀತು. ಕೈಯಾಗಿನ ಗ್ಲಾಸ್... ಬಿಡು. ಕುಂತ್ರೂ ಅದೇ, ನಿಂತ್ರೂ ಅದೇ. ಮಲಗಿದ್ರ ಶೆಡ್ಡಿನ ತಗಡು ಚೀರತೈತಿ.

ಅವತ್ತಿನಿಂದ ನೀ ಒಂದು ಮಾತು ಆಡಿಲ್ಲ. ದವಾಖಾನಿಯಾಗ ಆಡಲಿಲ್ಲ, ಪಂಚಾಯ್ತಿಗೆ ಕುಂತಾಗ ಆಡಲಿಲ್ಲ. ಬೈಯ್ಯಪಾ! ಸಾಹೇಬನ್ನ ಬೈ, ಗಾಡಿಗೆ ಒದಿ, ನನ್ನ ಎದಿ ಮ್ಯಾಲೆ ಗುದ್ದು! ಸುಮ್ಮನ ಕುಂದರಬ್ಯಾಡ ಹಿಂಗ. ನೀ ಸುಮ್ಮನ ಕುಂತ್ರ ನನ್ನ ಬಾಯಿ ನಿಲ್ಲೂದಿಲ್ಲ. ನೋಡು, ಎಷ್ಟು ಮಾತಾಡಿದೆ. ನನಗ ನಾಚಿಕಿ ಬರಾಕತ್ತೈತಿ.

ಆತು, ಈ ಡಬ್ಬಿನೂ ಖಾಲಿ. ಟಾಕಿ ಇನ್ನಾ ಅರ್ಧ ಐತೇನು? ಸಾಕು, ಬೋರಿಗೆ ಹೋಗಿ ಬರಾಕ ಸಾಕು. ಬಿರಡಿ ಹಾಕು. ಅಗಾ ನೋಡು, ಹೆಂಗಸರು ಆಗಲೇ ಹೊಂಟಾರ, ಕೊಡ ಹಿಡಕೊಂಡು. ರೂಢಿ ಬಿಡೂದಿಲ್ಲ ಅವು, ಹಿಂದ ನಡಿಯಾಕನೇ ಬಂದಾವ! ಯಮುನಾಬಾಯಿ ಮುಂದ ಅದಾಳ. ಮತ್ತ ಆಕಿ ಹಿಂದ ಯಾರು, ಕೋಲು ಊರಿಕೊಂಡು... ಅಕ್ಕನಾ? ಅಕ್ಕ ಯಾಕ ಬಂದ್ಳು? ಇನ್ನಾ ಪಟ್ಟಿ ಬಿಚ್ಚಿಲ್ಲ, ಯಾರು ಎಬ್ಬಿಸಿದ್ರು ಅಕಿನ್ನ? ಒಂದು ಕೈಯಾಗ ಕೋಲು, ಒಂದು ಕೈಯಾಗ ಕೊಡ! ಯಪ್ಪಾ...

ಏ, ಏ! ಏನ್ ಮಾಡಾಕತ್ತಿ? ಸಾಕು ಅಂದ್ನಲ್ಲ! ಅದನ್ನ ಯಾಕ ಎತ್ತಿದಿ? ಹಿಡಿಕಿ ಮುರದೈತಿ ಅಂದೆ. ಇಡು. ಪೂರಾ ತುಂಬಿಸಬೇಕಂತೇನಿಲ್ಲ. ಇಡಣ್ಣಾ. ಅಣ್ಣಾ, ಇಡು! ಸುರೀಬ್ಯಾಡ! ಸುರೀಬ್ಯಾಡ ಅದರಾಗ ನೀರೈತಿ!

...

ನೀರೈತಿ. ಇರಬಹುದು. ಇರಬಹುದು ಅಂದೆ.

ಯಾಕ ನಿಂತಿ? ಇಡು ಕೆಳಗ. ಯಾರೋ ಹೇಳಿದ್ರು, ಸ್ಟೋರಿನಾಗ... ಸ್ಟೋರಿನಾಂವ ಹೇಳಿದ. ಅವ ಊರಿಗೆ ಹೋಗಿ ಬಾಳ ದಿನ ಆತು, ಹೌದು. ಹೋಗೂದಕ್ಕ ಮೊದಲು ಹೇಳಿದ. ಅಲ್ಲ, ಅವತ್ತಿನಿಂದ ಡೀಸೆಲ್ ಶೆಡ್ಡಿಗೆ ಕೀಲಿ ಹಾಕಿದ್ರು, ಇವತ್ತ ತೆಗೆದಾರ, ಅದೂ ಖರೆ. ಹಂಗಾದ್ರ... ಡಬ್ಬಿ ನೋಡಿದ್ರ ಗೊತ್ತಾಗ್ತೈತಿ ಅಣ್ಣಾ. ಭಾರದಾಗ ಗೊತ್ತಾಗ್ತೈತಿ.

ನಾ ಎತ್ತಿಲ್ಲ. ಹೌದು. ಇವತ್ತು ಅದನ್ನ ನಾ ಮುಟ್ಟಿಲ್ಲ.

ಹಂಗ ನೋಡಬ್ಯಾಡ. ಬಿರಡಿ ಯಾಕ ತೆಗೀತಿ? ಮೂಸಿ ನೋಡ್ತೀ? ಡೀಸೆಲ್ ವಾಸನಿನೇ ಬರ್ತೈತಿ, ನಾನೇ ಹೇಳಿದ್ನಲ್ಲ. ನೆಲಕ್ಕ ಚೆಲ್ಲಬ್ಯಾಡ ಅಣ್ಣಾ... ಚೆಲ್ಲಬ್ಯಾಡ...

ಕಾಣ್ತು. ನನಗೂ ಕಾಣ್ತು. ಮ್ಯಾಲಿನ ಡೀಸೆಲ್ಲೆಲ್ಲಾ ಹೋದ ಮ್ಯಾಲೆ ಸ್ವಚ್ಛ ನೀರು ಬಂತು. ಮಣ್ಣು ಕುಡೀತು.

ನಾ ಸುಮ್ಮನಿದ್ದಿದ್ರ ಆಗ್ತಿತ್ತು. ಹೌದಿಲ್ಲೋ? ಸುಮ್ಮನ ನಿಂತು ನೋಡಿದ್ರ ನೀ ಸುರೀತಿದ್ದಿ, ಕೈತಪ್ಪು ಅನ್ನೂ ಮಾತು ಖರೇನೇ ಆಗ್ತಿತ್ತು, ಅಂಬಾದಾಸ ಲೀಡರ್ ಆಗೇ ಉಳೀತಿದ್ದ. ಆದ್ರ ಅಕ್ಕ ಹಿಂದ ನಡೀತಾಳಲ್ಲ! ಆ ಕಾಲಿನ ಮ್ಯಾಲೆ ಮತ್ತ ಹಿಂದ ನಡಿಯಾಕ ಬಂದಾಳಲ್ಲ! ಏರಿನಾಗ ಮತ್ತ... ನನ್ನಿಂದ ಆಗಲಿಲ್ಲ ಅಣ್ಣಾ.

ಒಂದು ಮಾತರ ಆಡು.

ನೀರು ಸಿಕ್ಕಿತಲ್ಲ, ಅದನ್ನರ ನೋಡು! ಎಷ್ಟು ವರ್ಷ ಕೈ ಮುಗಿದು ಸಿಗದ ನೀರು! ಗಾಡಿ ಒಂದೆರಡು ದಿನ ನಿಂತ್ರ ಸಾಕಿತ್ತು ನನಗ, ಸ್ಲ್ಯಾಬ್ ಒಣಗಿ ಸಾಹೇಬ ದಾರಿಗೆ ಬರ್ತಿದ್ದ. ನಿನ್ನ ಕೇಳಬೇಕಿತ್ತು, ಕೇಳಿದ್ರ ನೀ ಒಪ್ತಿದ್ದಿಲ್ಲ, ಗಾಡಿ ಅಂದ್ರ ನಿನಗ ಎತ್ತು ಇದ್ದಂಗ. ಅಕಿ ಕಾಲು ಹೋಗ್ತೈತಿ ಅಂತ ನಾ... ಯಾರಿಗೆ ಬಡಿಯಾಕ ಹೋಗಿದ್ದೆ ನಾ? ಯಾರಿಗೆ ಬಡೀತು?

ಯಾಕ ಹಂತ್ಯಾಕ ಬರ್ತಿ? ಹೊಡೀತೀ? ಹೊಡಿ. ಹೊಡದುಬಿಡಪಾ, ಛಲೋ ಆಗ್ತೈತಿ. ಇದೇನು... ನನ್ನ ಕೈಯಾಗ ಯಾಕ ಕೊಡ್ತಿ? ಡಬ್ಬಿ ನನಗ ಬ್ಯಾಡ. ಹಿಡಿಕಿ ಇಲ್ಲ ಇದಕ್ಕ, ಹೆಂಗ ಹಿಡೀಲಿ? ಎದಿಗೆ ಅವಚಿಕೊಂಡು ನಿಂದರ್ಲಾ, ಕೂಸು ಎತ್ತಿಕೊಂಡಂಗ? ಎಲ್ಲಿ ಹೊಂಟಿ? ಗಾಡಿ ಹತ್ತಿದಿ ಯಾಕ? ಅಣ್ಣಾ! ಚಾಲೂ ಮಾಡಿದಿ... ಚಾಲೂ ಆತು. ಎಷ್ಟು ಛಲೋ ದನಿ. ಹಂಗಾದ್ರ ಹೋಗು. ಹೋಗು ಮತ್ತ! ಯಾಕ ಸುಮ್ಮನ ಕುಂತಿ, ಮುಂದ ನೋಡಿಕೊಂತ? ಯಾರ ದಾರಿ ಕಾಯಾಕತ್ತಿ?

ಜೀಪ್ ಬಂತು. ಸಾಹೇಬ ಇಳಿದ. ನಿನ್ನ ಕಡೀಗೆ ನೋಡಾಕತ್ತಾನ. ಹೇಳು ಅಣ್ಣಾ, ಏನರ ಹೇಳು... ನನ್ನ ಹೆಸರಾ ಹೇಳು! ಕೂಗಿ ಹೇಳು! ನೀ ಹೇಳಿದ್ರ ನನಗ ಸುಲಭ ಆಗ್ತೈತಿ. ಹೇಳೂದಿಲ್ಲಾ? ನನ್ನ ಬಾಯಿಲೇ...

ಬರ್ರಿ ಸಾಹೇಬ್ರ. ಒಂದ್ ನಿಮಿಷ ತಡೀರಿ. ಹುಸೇನಪ್ಪ ಏನೂ ಹೇಳೂದಿಲ್ರಿ. ಅಂವದು ಹೇಳೂದು ಏನೂ ಇಲ್ರಿ.

ಅಕ್ಕಾ, ನೀ ಯಾಕ ಬಂದಿ ಇಷ್ಟು ದೂರ? ಕುಂದರು, ಆ ಇಟಗಿ ಮ್ಯಾಲೆ ಕುಂದರು. ಕೊಡ ಕೆಳಗಿಡು. ಏನಂದಿ? ಇದಾ? ಈ ಡಬ್ಬಿಯೊಳಗ ಏನೈತಿ ಅಂತ ಕೇಳ್ತಿ?

ನೀರು, ಅಕ್ಕಾ.